ಲೋಟದಲ್ಲಿ ಉಳಿದ ನೀರು

ಆ ಮನೆಯಲ್ಲಿ ಮಾತು ನಿಂತದ್ದು ಒಂದು ಪಾತ್ರೆ ಹಾಲಿನಿಂದ.

ಹಾಲು ಉಕ್ಕಿಸಿದವಳು ಮಗಳು. ಬಸ್ ಕಂಡಕ್ಟರ್ ಕೆಲಸ ಅವಳದು, ಆರೂವರೆಗೆಲ್ಲ ಡಿಪೋದಲ್ಲಿರಬೇಕು. ಒಲೆ ಒರೆಸದೆ ಓಡಿದಳು. ಆಮೇಲೆ ಅಡುಗೆಮನೆಗೆ ಬಂದ ಸೊಸೆ ಕರಕಲು ಕಟ್ಟಿದ ಒಲೆಯನ್ನು ನೋಡಿದಳು, ಪಕ್ಕದ ಒಲೆ ಹಚ್ಚಿ ತನ್ನ ಕೆಲಸ ಮುಗಿಸಿಕೊಂಡಳು, ಕರಕಲನ್ನು ಹಾಗೇ ಬಿಟ್ಟಳು. ಸಂಜೆ ಮಗಳು ಬಂದಾಗ ಅದು ಇನ್ನೂ ಹಾಗೇ ಇತ್ತು.

"ಇಡೀ ದಿನ ಮನೇಲಿರೋರಿಗೆ ಒಂದು ಬಟ್ಟೆ ಆಡಿಸೋಕೆ ಕೈ ಬರ್ಲಿಲ್ವಾ?"

"ಚೆಲ್ಲಿದ ಕೈ ಒರೆಸಲಿ ಅಂತ ಬಿಟ್ಟೆ, ಅಕ್ಕಾ."

"ಕೂತಲ್ಲೇ ಕೂತು ಗುಂಡಿ ಹೊಲಿಯೋದಕ್ಕೇ ಇಷ್ಟು ಜೋರು. ಒಂದಿನ ಬಸ್ಸಲ್ಲಿ ನಿಂತು ನೋಡು."

"ನಿಂತ್ಕೊಳ್ಳಿ, ಬೇಡ ಅಂದೋರು ಯಾರು? ನೀವು ನಿಂತಿದ್ದಕ್ಕೆ ನಾನು ನಿಮ್ಮ ಒಲೆ ಒರೆಸ್ಬೇಕಾ?"

"ನನ್ನ ಒಲೆ ಅಂತೆ! ಈ ಮನೆ ಒಲೆ ಕಣೆ. ನಾನು ಹುಟ್ಟಿದ ಮನೆ ಇದು. ನೀನು ಬಂದವಳು."

ಸೊಸೆ ಗುಂಡಿ ಹೊಲಿಯಲು ಗಾರ್ಮೆಂಟಿನಿಂದ ತಂದಿದ್ದ ಅಂಗಿಯನ್ನು ಮಡಿಲಿಂದ ತೆಗೆದು ಕೆಳಗಿಟ್ಟಳು. ಸೂಜಿಯನ್ನು ಅದರ ಕಾಲರಿಗೆ ಚುಚ್ಚಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: "ಬಂದವಳು ಉಳಿದಿದ್ದೀನಿ. ಹೋದವರು ತಿರುಗಿ ಬಂದಿದ್ದೀರಿ."

ಮಗಳ ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಮೂರು ವರ್ಷವಾಗಿತ್ತು. ಒಂದು ಟ್ರಂಕು ಹಿಡಿದು ಅವಳು ತವರಿಗೆ ಬಂದ ದಿನದಿಂದ ಆ ಮನೆಯಲ್ಲಿ ಯಾರೂ ಆ ವಿಷಯ ಎತ್ತಿರಲಿಲ್ಲ. ನಡುಮನೆಯ ಮಂಚದಿಂದ ಅವಳ ಅಪ್ಪ, ಬೀದಿಯವರ ತಾತ, ಕೂಗಿದರು: "ಯಾರಾದ್ರೂ ಒಬ್ರು ಒರೆಸ್ರಮ್ಮಾ. ಇಲ್ದಿದ್ರೆ ಕೋಲೂರ್ಕೊಂಡು ನಾನೇ ಬಂದೆ ನೋಡಿ." ಯಾರೂ ನಗಲಿಲ್ಲ. ಒಲೆ ಒರೆಸಿದವಳು ಅವರ ಹೆಂಡತಿ, ಅಜ್ಜಿ.

ಅವತ್ತಿನಿಂದ ನಾದಿನಿ ಅತ್ತಿಗೆಯರ ಬಾಯಿಗೆ ಬೀಗ ಬಿತ್ತು. ಏನಾದರೂ ಹೇಳಬೇಕಿದ್ದರೆ ಮಗನ ಮೂಲಕ. "ರೀ, ನಿಮ್ಮಕ್ಕನಿಗೆ ಹೇಳಿ, ಬಚ್ಚಲಲ್ಲಿ ಸೋಪು ಮುಗಿದಿದೆ." ಅಕ್ಕ ಎರಡು ಮಾರು ದೂರದಲ್ಲೇ ಕೂತು ಬೂಟು ಒರೆಸುತ್ತಿರುವಳು. "ನಿನ್ನ ಹೆಂಡತಿಗೆ ಹೇಳು, ನಂಗೆ ಕಿವಿ ಕೇಳ್ಸುತ್ತೆ." ಮಗ ತಟ್ಟೆಯಿಂದ ತಲೆ ಎತ್ತದೆ, "ನಂಗೂ ಕೇಳ್ಸುತ್ತೆ, ಏನು ಮಾಡ್ಲಿ," ಅನ್ನುತ್ತಿದ್ದ. ಬಡಪಾಯಿ, ಇಡೀ ದಿನ ಇಸ್ತ್ರಿ ಮೇಜಿನ ಮುಂದೆ ನಿಂತು ಬಂದವನು.

ಅಜ್ಜಿಗೆ ಗೊತ್ತಿದ್ದದ್ದು ಒಂದೇ ಉಪಾಯ. ನಲವತ್ತು ವರ್ಷ ಬೀದಿಯ ಮನೆಮನೆಯಿಂದ ಬಟ್ಟೆ ತಂದು, ಯಾರದು ಯಾರಿಗೂ ಸೇರದ ಹಾಗೆ ಬೇರೆ ಬೇರೆ ಗಂಟು ಕಟ್ಟಿದ ಕೈ ಅದು. ಅಕ್ಷರ ಬಾರದಿದ್ದರೂ ಯಾವ ಕಾಲರು ಯಾವ ಮನೆಯದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಈಗ ಮನೆಯನ್ನೂ ಹಾಗೇ ಎರಡು ಗಂಟು ಮಾಡಿದಳು. ಏಳು ಗಂಟೆಯವರೆಗೆ ಒಲೆ ಮಗಳದು, ಆಮೇಲೆ ಸೊಸೆಯದು. ಬಟ್ಟೆ ಒಣಹಾಕುವ ತಂತಿಯ ನಡುವೆ ಒಂದು ಕೆಂಪು ದಾರ ಕಟ್ಟಿದಳು: ಈ ಕಡೆ ಅವಳು, ಆ ಕಡೆ ಇವಳು. ಬಚ್ಚಲು, ಗೂಡು, ಚಹಾಪುಡಿಯ ಡಬ್ಬಿ, ಎಲ್ಲವೂ ಎರಡಾದವು.

"ಏನೇ, ನನ್ನನ್ನ ಯಾವ ಕಡೆ ಹಾಕಿದ್ದೀಯ?" ಎಂದು ತಾತ ಕೇಳಿದರು.

"ನಿಮ್ಮನ್ನ ಯಾರು ಕೇಳ್ತಾರೆ? ನೀವು ನನ್ನ ಕಡೆ ಇರಿ."

ತಾತನನ್ನು ಬೀದಿಯವರು ಕರೆಯುತ್ತಿದ್ದದ್ದು ಗರಿಗರಿ ತಾತ ಎಂದು. ಅವರು ಇಸ್ತ್ರಿ ಮಾಡಿದ ಅಂಗಿ ನೆಲದ ಮೇಲೆ ತಾನೇ ನಿಲ್ಲುತ್ತೆ ಅನ್ನುವುದು ಬೀದಿಯ ತಮಾಷೆ. ಒಂದು ವರ್ಷದ ಹಿಂದೆ ಮೇಜಿನ ಮುಂದೆಯೇ ಕುಸಿದಿದ್ದರು. ಲಕ್ವ ಹೊಡೆದು ಬಲಗಾಲು ಸೋತಿತು, ಮೇಜು ಮಗನಿಗೆ ಹೋಯಿತು. ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಿದ್ದರು. ಡಾಕ್ಟರು ಒಂದು ಬಿ.ಪಿ. ಮಾತ್ರೆ ಬರೆದಿದ್ದರು, ಬೆಳಿಗ್ಗೆ ಒಂದು, ಒಂದು ದಿನವೂ ತಪ್ಪಿಸಬಾರದು.

ಮೇಜಿನಿಂದ ತಾತ ಮನೆಗೆ ತಂದದ್ದು ಎರಡೇ ವಸ್ತು. ಒಂದು, ಅವರ ಅಪ್ಪನ ಕಾಲದ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಅದು ಮಂಚದ ಕೆಳಗಿತ್ತು. ಇನ್ನೊಂದು, ಎಣ್ಣೆಡಬ್ಬಿಯಲ್ಲಿ ಬೆಳೆದ ಲೋಳೆಸರದ ಗಿಡ. ಇಸ್ತ್ರಿಯವರ ಕೈಗೆ ವಾರಕ್ಕೊಮ್ಮೆಯಾದರೂ ಬಿಸಿ ತಗಲುತ್ತದೆ. ಮೊದಲು ತಣ್ಣೀರಿನ ಕೆಳಗೆ ಕೈ, ಆಮೇಲೆ ಎಲೆಯೊಂದನ್ನು ಮುರಿದು ಒಳಗಿನ ಲೋಳೆ. ತಾತನ ಎರಡೂ ಕೈ ಈ ಗಿಡದ ಸಾಲದಲ್ಲಿದ್ದವು. ಬುಡದಲ್ಲಿ ಮರಿ ಬಂದಾಗಲೆಲ್ಲ ಬಿಡಿಸಿ ಬೀದಿಗೆ ಹಂಚಿದ್ದರು. ಆ ಬೀದಿಯಲ್ಲಿ ಯಾರ ಕಿಟಕಿಯಲ್ಲಿ ಲೋಳೆಸರ ಕಂಡರೂ ಅದು ಈ ಡಬ್ಬಿಯ ಸಂತಾನವೇ. ಕೊಡುವಾಗ ಹೇಳುತ್ತಿದ್ದ ಮಾತೂ ಒಂದೇ: "ಮರೆತುಬಿಡಿ ಇದನ್ನ. ಮರೆತಷ್ಟೂ ಚೆನ್ನಾಗಿ ಬರುತ್ತೆ. ಪ್ರೀತಿ ಉಕ್ಕಿ ದಿನಾ ನೀರು ಹಾಕಿದ್ರೋ, ಕೊಳೆತು ಹೋಗುತ್ತೆ."

ಗಿಡ ಈಗ ಮಂಚದ ಪಕ್ಕದ ಕಿಟಕಿಯ ಕಟ್ಟೆಯ ಮೇಲಿತ್ತು. ಅದರ ಮಗ್ಗುಲಲ್ಲೇ ಮಾತ್ರೆಯ ಬೆಳ್ಳಿ ಹಾಳೆ ಇರುತ್ತಿತ್ತು. ಹಾಲಿನ ಜಗಳಕ್ಕೆ ಮುಂಚೆ, ಬೆಳಿಗ್ಗೆ ಯಾರ ಕೈಗೆ ಬಿಡುವೋ ಅವರು ಕೊಡುತ್ತಿದ್ದರು, ಕೊಟ್ಟವರು ಒಳಗೆ ಕೂಗಿ ಹೇಳುತ್ತಿದ್ದರು: "ಅಪ್ಪಂಗೆ ಕೊಟ್ಟಾಯ್ತು." ಅಜ್ಜಿಯ ಕೈಗೆ ಆ ಕೆಲಸ ಬಂದಿರಲಿಲ್ಲ. ಎರಡೂ ಕಣ್ಣಿಗೆ ಪೊರೆ. ಅಲ್ಲದೆ ಅವಳ ಬೆಳಗು ಬೀದಿಯಲ್ಲಿ ಕಳೆಯುತ್ತಿತ್ತು: ಆರರಿಂದ ಏಳು ಬಟ್ಟೆ ತರುವುದು, ಒಂಬತ್ತರಿಂದ ಹತ್ತು ಇಸ್ತ್ರಿಯಾದದ್ದನ್ನು ಮುಟ್ಟಿಸುವುದು.

ಜಗಳದ ಮಾರನೆಯ ದಿನ ಮಗಳು ಮನೆಯಲ್ಲಿದ್ದ ತನ್ನ ಸಾಮಾನನ್ನೆಲ್ಲ ಟ್ರಂಕಿಗೆ ತುಂಬಿದಳು. ಬಾಚಣಿಗೆ, ಚಹಾ ಲೋಟ, ಕನ್ನಡಿ. ಮಾತ್ರೆಯ ಹಾಳೆಯನ್ನು ತಂದವಳೂ ಅವಳೇ, ಅದನ್ನೂ ತುಂಬಿದಳು. ಬೆಳಿಗ್ಗೆ ಆರಕ್ಕೆ ಟ್ರಂಕಿನಿಂದ ಒಂದು ಮಾತ್ರೆ ಬಿಡಿಸಿ ಅಪ್ಪನಿಗೆ ಕೊಟ್ಟು ಡಿಪೋಗೆ ಹೊರಟಳು. ಒಂಬತ್ತಕ್ಕೆ ಸೊಸೆ ಗಂಜಿ ತಂದು ಕಿಟಕಿ ನೋಡಿದರೆ ಮಾತ್ರೆಯ ಹಾಳೆ ಇಲ್ಲ. ಮುಗಿದಿರಬೇಕು, ಮುಗಿದದ್ದನ್ನೂ ನನಗೆ ಹೇಳುವವರಿಲ್ಲ, ಅಂದುಕೊಂಡಳು. ಗಂಡನ ಕೈಗೆ ಡಾಕ್ಟರ ಚೀಟಿ ಕೊಟ್ಟು ಹೊಸದು ತರಿಸಿದಳು. ಅದನ್ನು ಅಡುಗೆಮನೆಯ ಗೂಡಿನಲ್ಲಿ, ತನ್ನ ಪಾಲಿನ ಕಡೆ ಇಟ್ಟಳು.

ಇದಿಷ್ಟೂ ಅಜ್ಜಿಗೆ ಗೊತ್ತಾದದ್ದು ಬಹಳ ತಡವಾಗಿ.

ಎರಡು ವಾರವಾದ ಮೇಲೆ ತಾತ, "ತಲೆ ತೂಗುತ್ತೆ ಕಣೆ, ದೋಣಿ ಮೇಲೆ ಕೂತ ಹಾಗೆ," ಅಂದರು.

"ಸರಿಯಾಗಿ ಉಣ್ಣಲ್ಲ, ಅದಕ್ಕೆ."

"ಉಣ್ತಾ ಇದ್ದೀನಲ್ಲೇ. ಬೆಳಿಗ್ಗೆ ಮಗಳ ಬ್ರೆಡ್ಡು, ಆಮೇಲೆ ಸೊಸೆಯ ಗಂಜಿ. ಎರಡು ಮನೆ ಅಳಿಯನ ಹಾಗೆ ಆಗಿದೆ ನನ್ನ ಬಾಳು."

ಅಜ್ಜಿ ನಕ್ಕಳು. ಎಳನೀರು ಕುಡೀತಿಲ್ಲ, ಬಿಸಿಲು ಜಾಸ್ತಿ, ವಯಸ್ಸಾಯ್ತು ಎಂದೆಲ್ಲ ಮಗ ಕಾರಣ ಕೊಟ್ಟ. ತಾತ ಹಗಲೂ ನಿದ್ದೆ ಮಾಡತೊಡಗಿದರು. ಎದ್ದು ನಿಂತರೆ ಗೋಡೆ ಹಿಡಿದು ಎಣಿಸಿದ ಹಾಗೆ ಸ್ವಲ್ಪ ಹೊತ್ತು ನಿಂತೇ ಹೆಜ್ಜೆ ಇಡುವರು. ಹೀಗೇ ಎರಡು ತಿಂಗಳಾಯಿತು.

ಒಂದು ಸೋಮವಾರ ಹತ್ತು ಗಂಟೆಗೆ ಅಜ್ಜಿ ಖಾಲಿ ಗಂಟುಬಟ್ಟೆ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಾಗ, ತಾತ ನಡುಮನೆಯ ನೆಲದ ಮೇಲೆ ಬಿದ್ದಿದ್ದರು. ಸೊಸೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ನೆಲ ಒರೆಸುವ ಬಟ್ಟೆ. ನೆಲ ಅರ್ಧ ಒಣಗಿತ್ತು, ಅರ್ಧ ಹಸಿ.

"ಒರೆಸ್ತಾ ಇದ್ದೆ ಅತ್ತೆ. ಏಳ್ಬೇಡಿ ಮಾವ ಅಂದೆ. ಬಕೆಟ್ಟಿನ ನೀರು ಚೆಲ್ಲೋಕೆ ಹೋಗಿ ಬರೋಷ್ಟರಲ್ಲಿ..."

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಬಿ.ಪಿ. ತೀರಾ ಇಳಿದಿದೆ. ಮಾತ್ರೆ ಎಷ್ಟು ಕೊಡ್ತಿದ್ರಿ?" ಮಗ ತಡಮಾಡದೆ ಹೇಳಿದ: "ದಿನಕ್ಕೊಂದೇ ಸಾರ್. ಒಂದಿನಾನೂ ತಪ್ಪಿಸಿಲ್ಲ." ಅದನ್ನು ಇನ್ನು ಕೊಡಬೇಡಿ ಎಂದು ಡಾಕ್ಟರು ಬರೆದುಕೊಟ್ಟರು. ಆಪರೇಷನ್ ತಡೆಯುವ ಹೃದಯವಲ್ಲ, ಮನೆಯಲ್ಲೇ ಮಲಗಿಸಿ ನೋಡಿಕೊಳ್ಳಿ ಅಂದರು.

ಮಗಳು ಯೂನಿಫಾರ್ಮಿನಲ್ಲೇ ಆಸ್ಪತ್ರೆಗೆ ಓಡಿಬಂದಳು, ಹೆಗಲಲ್ಲಿ ಟಿಕೆಟ್ ಚೀಲ ಹಾಗೇ ಇತ್ತು. ಎರಡು ತಿಂಗಳ ಮೇಲೆ ಮೊದಲ ಸಲ ಸೊಸೆಯ ಮುಖ ನೋಡಿ ಮಾತಾಡಿದಳು.

"ಬಟ್ಟೆ ಹಿಂಡೋದಕ್ಕೂ ಬರಲ್ವೇನೇ ನಿಂಗೆ? ನೆಲದ ಮೇಲೆ ಕೆರೆ ಮಾಡಿಟ್ಟು ಹೋದೆ. ಅದರಲ್ಲಿ ಬಿದ್ದಿದ್ದು ಅಪ್ಪ."

ಆ ಮಾತು ಕೇಳಿದವರು ವಾರ್ಡಿನ ಅಷ್ಟೂ ಜನ. ಒಲೆಯ ದಿನ ಕಡ್ಡಿ ಮುರಿದ ಹಾಗೆ ಮಾತಾಡಿದ್ದ ಸೊಸೆ ಈಗ ತಲೆ ತಗ್ಗಿಸಿ ಮಾವನ ಹೊದಿಕೆಯ ಅಂಚನ್ನು ಸರಿಮಾಡಿದಳು. ಮನೆಗೆ ಬಂದವಳು ನೆಲ ಒರೆಸುವ ಬಟ್ಟೆಯನ್ನು ಹಿಂಡಿದಳು, ಹಿಂಡಿದಳು, ಒಂದು ಹನಿ ಬಾರದ ಮೇಲೂ ಹಿಂಡಿದಳು. ಅವತ್ತಿನಿಂದ ನಡುಮನೆಯನ್ನು ಒಣಬಟ್ಟೆಯಲ್ಲೇ ಮಂಡಿಯೂರಿ ಒರೆಸುತ್ತಿದ್ದಳು. ಗುಂಡಿ ಹೊಲಿಯುವಾಗ ದಾರ ತುಂಡು ಮಾಡುವುದನ್ನೇ ಮರೆತು ಎರಡು ಅಂಗಿಗಳನ್ನು ಸೇರಿಸಿ ಹೊಲಿದು, ಗಾರ್ಮೆಂಟಿನ ಮೇಸ್ತ್ರಿಯಿಂದ ಬೈಸಿಕೊಂಡಳು.

"ತಿನ್ನೇ," ಎಂದು ಅಜ್ಜಿ ಅಂದರೆ, "ಹೊಟ್ಟೆ ತುಂಬಿದೆ ಅತ್ತೆ," ಅನ್ನುವಳು. ಮಲಗಿದ್ದ ಮಾವನ ಮೈ ಒರೆಸುವುದು, ಮಗ್ಗುಲು ಬದಲಾಯಿಸುವುದು, ಬೆಡ್‌ಪ್ಯಾನ್ ಎತ್ತುವುದು, ಎಲ್ಲವನ್ನೂ ಕೇಳದೆಯೇ ಮೈಮೇಲೆ ಹಾಕಿಕೊಂಡಳು. ಮಗಳು ಸಂಜೆ ಬಂದು ಅಪ್ಪನ ಕಾಲು ಒತ್ತುತ್ತಿದ್ದಳು. ಒಬ್ಬಳು ಮಂಚದ ಬಳಿ ಬಂದರೆ ಇನ್ನೊಬ್ಬಳು ಎದ್ದು ಹೋಗುವಳು.

ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತು. ಮಗ ಕೈ ಸುಟ್ಟುಕೊಂಡು ಬಂದ. ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ, ಅಜ್ಜಿ ಲೋಳೆಸರದ ಎಲೆ ಮುರಿಯಲು ಕಿಟಕಿಗೆ ಬಂದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಗಿಡವನ್ನು ನೋಡುತ್ತಿದ್ದದ್ದು ಕೈಯಿಂದ. ಎಲೆ ಕೈಗೆ ಮೆತ್ತಗೆ ಹತ್ತಿತು, ನೆನೆದ ಬ್ರೆಡ್ಡಿನ ಹಾಗೆ. ಸ್ವಲ್ಪ ಎಳೆದರೆ ಎಲೆಯೊಂದಲ್ಲ, ಇಡೀ ಗಿಡವೇ ಬುಡಸಮೇತ ಕೈಗೆ ಬಂತು. ಬೇರಿನ ಜಾಗದಲ್ಲಿ ಬರೀ ಅಂಟು. ವಾಸನೆ ಮೂಗಿಗೆ ಬಡಿಯಿತು. ಡಬ್ಬಿಯ ಮಣ್ಣನ್ನು ಹಿಂಡಿದರೆ ನೀರು ಬಂತು.

ಅಜ್ಜಿಗೆ ಸಿಟ್ಟು ಬಂತು. ಗಿಡ ಹಿಡಿದೇ ಅಡುಗೆಮನೆಗೆ ಹೋದಳು.

"ಇದಕ್ಕೆ ನೀರು ಹಾಕಿದ್ದು ಯಾರೇ? ನಿಮ್ಮ ಮಾವ ಬಡ್ಕೊಂಡಿದ್ದು ಕೇಳಿಲ್ವಾ, ಹಾಕ್ಬೇಡಿ ಅಂತ?"

ಸೊಸೆ ಹೆದರಿದಳು. "ಹಾಕ್ಬೇಕು ಅಂತ ಹಾಕಿಲ್ಲ ಅತ್ತೆ. ಮಾವನಿಗೆ ಮಾತ್ರೆ ಕೊಟ್ಟು ಲೋಟದಲ್ಲಿ ಉಳಿದಿರ್ತಿತ್ತಲ್ಲ ಎರಡು ಗುಟುಕು, ಅದನ್ನ ಸುರೀತಿದ್ದೆ. ಅಷ್ಟೇ."

"ಎರಡು ಗುಟುಕಿಗೆ ಹೀಗೆ ಕೊಳೆಯುತ್ತಾ?"

ಸಂಜೆ ಮಗಳು ಬಂದಳು. ಅಜ್ಜಿ ಗಿಡವನ್ನು ಅವಳ ಮುಂದೂ ಹಿಡಿದಳು.

"ನಾನ್ಯಾಕಮ್ಮ ಅಪ್ಪನ ಗಿಡ ಹಾಳು ಮಾಡ್ಲಿ? ಬೆಳಿಗ್ಗೆ ಮಾತ್ರೆ ಕೊಡ್ತಿದ್ನಲ್ಲ, ಆ ಲೋಟದ ಉಳಿದ ನೀರು ಹಾಕಿರ್ತೀನಿ. ಬಚ್ಚಲಿಗೆ ಹೋಗಿ ಚೆಲ್ಲೋಕೆ ಟೈಮೆಲ್ಲಿರ್ತಿತ್ತು?"

"ಯಾವ ಮಾತ್ರೆ?"

"ಬಿ.ಪಿ. ಮಾತ್ರೆ. ಇನ್ಯಾವುದು?"

ಅಜ್ಜಿ ಕೈಯಲ್ಲಿದ್ದ ಗಿಡವನ್ನು ಮತ್ತೆ ಡಬ್ಬಿಗೆ ಇಳಿಸಿದಳು. ಡಬ್ಬಿಗೆ ದಿನಾ ಬಿದ್ದದ್ದು ಎರಡು ಲೋಟದ ನೀರು. ಎರಡು ಲೋಟವೆಂದರೆ ಎರಡು ಮಾತ್ರೆ. ದೋಣಿ ಮೇಲೆ ಕೂತ ಹಾಗೆ ಎಂದು ತಾತ ಹೇಳಿದ್ದು, ಬಿ.ಪಿ. ಇಳಿದಿದೆ ಎಂದು ಡಾಕ್ಟರು ಹೇಳಿದ್ದು, ಎರಡೂ ಒಟ್ಟಿಗೆ ನೆನಪಾದವು. ನೆಲದ ಮೇಲೆ ನೀರಿತ್ತೋ ಇಲ್ಲವೋ, ಅವರು ಬೀಳುವವರೇ ಇದ್ದರು.

"ಏನಾಯ್ತಮ್ಮಾ?" ಅಂದಳು ಮಗಳು.

"ಏನಿಲ್ಲ. ಹೋಗಿ ಉಣ್ಣು."

ಮರುದಿನ ಮಗಳು ಬಸ್ಸಿಗೆ, ಸೊಸೆ ಹೊಲಿದ ಅಂಗಿಗಳನ್ನು ಕೊಡಲು ಗಾರ್ಮೆಂಟಿಗೆ ಹೋದ ಹೊತ್ತು ನೋಡಿ ಅಜ್ಜಿ ಮಂಚದ ತುದಿಯಲ್ಲಿ ಕೂತಳು.

"ರೀ. ದಿನಾ ಎರಡು ಮಾತ್ರೆ ತಗೊಳ್ತಿದ್ರಾ?"

ತಾತ ಸೂರಿನಿಂದ ಕಣ್ಣು ತೆಗೆದು ಡಬ್ಬಿಯ ಕಡೆ ನೋಡಿದರು. ಆಮೇಲೆ, "ಗಿಡ ಹೇಳಿಬಿಡ್ತಾ?" ಅಂದರು.

"ನಿಮಗೆ ಗೊತ್ತಿತ್ತು!"

"ಗೊತ್ತಿಲ್ದೆ? ಕಾಲು ಸೋತಿದೆ, ತಲೆ ಸೋತಿಲ್ಲ."

"ಅವಳು ಕೊಟ್ಟಾಯ್ತು ಅಂತ ಇವಳಿಗೊಂದು ಮಾತು ಹೇಳೋಕೆ ಏನಾಗಿತ್ರೀ ನಿಮಗೆ?"

"ಮೊದಲ ದಿನ ಬೇಡಮ್ಮ ಅಂದೆ. ಯಾಕೆ ಮಾವ, ನನ್ನ ಕೈಯಿಂದ ನೀವೂ ತಗೊಳ್ಳಲ್ವಾ ಅಂದ್ಳು. ಕಣ್ಣಲ್ಲಿ ನೀರಿತ್ತು. ತಗೊಂಡೆ. ಮಾರನೇ ದಿನ ದೊಡ್ಡವಳಿಗೆ ಹೇಳೋಣ ಅಂದ್ಕೊಂಡೆ. ಅವಳು ಲೋಟ ಹಿಡ್ಕೊಂಡು ಐದು ನಿಮಿಷ ನನ್ನ ಹತ್ರ ಕೂತು ಬಸ್ಸಿನ ಕಥೆ ಹೇಳ್ತಿದ್ಳು. ಇಡೀ ದಿನದಲ್ಲಿ ಅವಳು ನಗೋದು ಆ ಐದು ನಿಮಿಷ. ಯಾರ ಲೋಟ ಬೇಡ ಅನ್ಲಿ ಹೇಳು? ಇದಕ್ಕೂ ಒಂದು ಕೆಂಪು ದಾರ ಕಟ್ಬೇಕಿತ್ತು. ಒಂದು ಸಣ್ಣ ಮಾತ್ರೆ, ಅದೇನು ಮಾಡುತ್ತೆ ಅಂದ್ಕೊಂಡೆ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದಾರ ಕಟ್ಟಿದವಳು ನಾನೇ. ಒಲೆ ಹಂಚಿದೆ, ತಂತಿ ಹಂಚಿದೆ, ಚಹಾಪುಡಿ ಹಂಚಿದೆ. ನಿಮ್ಮನ್ನ ಹಂಚೋದು ಮರೆತೆ."

"ಹಂಚಿದ್ರೆ ಅರ್ಧ ಯಾರಿಗೆ ಕೊಡ್ತಿದ್ದೆ?" ತಾತ ನಗಲು ಹೋಗಿ ಕೆಮ್ಮಿದರು.

"ಇವತ್ತು ಇಬ್ಬರನ್ನೂ ಕೂರಿಸಿ ಹೇಳ್ತೀನಿ. ನಿಮ್ಮ ಸೊಸೆ ತಾನೇ ಬೀಳಿಸಿದೆ ಅಂತ ಅನ್ನ ಬಿಟ್ಟಿದ್ದಾಳೆ."

"ಈಗ ಬೇಡ. ಈಗ ಹೇಳಿದ್ರೆ ಎರಡನೇ ಮಾತ್ರೆ ಯಾರದು ಅಂತ ನನ್ನ ಮಂಚದ ಮುಂದೆಯೇ ಕಿತ್ತಾಡ್ತಾರೆ. ನಾನಿರೋತನಕ ಬೇಡ."

"ಆಮೇಲೆ?"

ತಾತ ಕಿಟಕಿಯ ಕಡೆ ಕೈ ತೋರಿಸಿದರು. "ಆ ಗಿಡ ತಾ ಇಲ್ಲಿ," ಅಂದರು. "ಬುಡದಲ್ಲಿ ಮರಿಗಿರಿ ಇದೆಯಾ ನೋಡು."

ಅಜ್ಜಿ ಹಳೇ ಪೇಪರು ಹಾಸಿ ಡಬ್ಬಿಯನ್ನು ಬೋರಲು ಹಾಕಿದಳು. ಬೆರಳಿನಿಂದ ಕೆಸರು ಕೆದಕಿದಳು. ನಾಲ್ಕು ಮರಿಗಳಲ್ಲಿ ಮೂರು ತಾಯಿಯ ಜೊತೆಗೇ ಕೊಳೆತಿದ್ದವು. ಡಬ್ಬಿಯ ಅಂಚಿಗೆ ಒರಗಿದ್ದ ಒಂದು, ಹೆಬ್ಬೆರಳಿನಷ್ಟು ದೊಡ್ಡದು, ಗಟ್ಟಿಯಾಗಿತ್ತು.

"ಬೇರಿದೆಯಾ?"

"ಒಂದೇ ಒಂದು ಕೂದಲಿನಷ್ಟು ಇದೆ."

"ಬುಡ ಮೆತ್ತಗಿದ್ರೆ ಚಾಕುವಿನಲ್ಲಿ ತೆಗಿ. ಬಿಳಿ ಕಾಣೋತನಕ ತೆಗಿ. ಹೆದರ್ಬೇಡ."

ಅಜ್ಜಿಗೆ ಬಿಳಿ ಕಾಣುತ್ತಿರಲಿಲ್ಲ. ಮರಿಯನ್ನು ತಾತನ ಕಣ್ಣ ಹತ್ತಿರ ಹಿಡಿದು, ಅವರು ಹೂಂ ಅಂದಾಗ ಕೊಯ್ದಳು, ಸಾಕು ಅಂದಾಗ ನಿಲ್ಲಿಸಿದಳು. ಆ ಕೂದಲಿನಂಥ ಬೇರೂ ಹೋಯಿತು.

"ಈಗ ನೆಡ್ಲಾ?"

"ಇಷ್ಟು ವರ್ಷ ನನ್ನ ಜೊತೆ ಇದ್ದು ಇದನ್ನ ಕೇಳ್ತೀಯಲ್ಲೇ! ಹಸಿ ಗಾಯವನ್ನ ಮಣ್ಣಿಗಿಡ್ತಾರಾ? ನೆರಳಲ್ಲಿಡು. ಮೂರು ನಾಲ್ಕು ದಿನಕ್ಕೆ ಚರ್ಮ ಕಟ್ಟುತ್ತೆ. ಆಮೇಲೆ ಅರ್ಧ ಮರಳು, ಅರ್ಧ ಮಣ್ಣು. ಒಂದು ವಾರ ಒಂದು ಹನಿಯೂ ಬೇಡ. ಡಬ್ಬಿಯ ತೂತು ಮುಚ್ಚಿಹೋಗಿದೆ, ಅದು ಬೇಡ. ಕೆಳಗಿದೆ ನೋಡು, ನಮ್ಮಪ್ಪನ ಇದ್ದಿಲು ಪೆಟ್ಟಿಗೆ. ಅದರಲ್ಲಿಡು."

"ಇಸ್ತ್ರಿಪೆಟ್ಟಿಗೇಲಾ?"

"ಗಾಳಿಗೆ ಅಂತ ಸುತ್ತಲೂ ತೂತು ಮಾಡಿದ್ದಾರಲ್ಲ. ಎಷ್ಟು ಹಾಕಿದ್ರೂ ನೀರು ನಿಲ್ಲಲ್ಲ." ಕಣ್ಣು ಮುಚ್ಚಿಕೊಂಡರು. "ಗಟ್ಟಿ ಕೂತ ಮೇಲೆ ಮೆಲ್ಲಗೆ ಎಳೆದು ನೋಡು. ಕೈಗೆ ಬಂದ್ರೆ ಬೇರಿಲ್ಲ. ಹಿಡ್ಕೊಂಡ್ರೆ ಬೇರಿದೆ. ಆವಾಗ ಹೇಳು ಅವರಿಗೆ."

ಮರಿ ಕಿಟಕಿಯ ಒಳಗಟ್ಟೆಯ ಮೇಲೆ ಪೇಪರಿನಲ್ಲಿ ಒಣಗಿತು. ನಾಲ್ಕನೆಯ ದಿನ ಅಜ್ಜಿ ಅದನ್ನು ಪೆಟ್ಟಿಗೆಯಲ್ಲಿ ನೆಟ್ಟಳು. ಮಗ ಕೆಲಸ ನಡೆಯುತ್ತಿದ್ದ ಕಟ್ಟಡದಿಂದ ಒಂದು ಚೀಲ ಮರಳು ಕೇಳಿ ತಂದಿದ್ದ. ಪೆಟ್ಟಿಗೆ ತಾತನ ಕಣ್ಣಿಗೆ ಬೀಳುವಲ್ಲಿ ಇತ್ತು.

ಅವರು ಅದನ್ನು ನೋಡಿದ್ದು ಒಂಬತ್ತು ದಿನ. ಕೆಮ್ಮು ಎದೆಗಿಳಿಯಿತು. ಮಲಗಿದಲ್ಲೇ ಮಲಗಿದವರಿಗೆ ಹೀಗಾಗುತ್ತೆ ಎಂದು ಡಾಕ್ಟರು ಹೇಳಿದರು. ಒಂದು ಮಧ್ಯಾಹ್ನ ಸೊಸೆ ಗಂಜಿಯ ಚಮಚವನ್ನು ಬಾಯಿಗಿಟ್ಟಾಗ ಅದು ತುಟಿಯಿಂದ ಹಾಗೇ ಹೊರಗೆ ಇಳಿಯಿತು. ಮಗ ಮೇಜು ಬಿಟ್ಟು ಓಡಿಬಂದ. ಮಗಳ ಬಸ್ಸು ಆ ಹೊತ್ತಿಗೆ ಊರಿನ ಆ ತುದಿಯಲ್ಲಿತ್ತು. ಸುದ್ದಿ ಹೋಗಿ ಅವಳು ಬರುವಷ್ಟರಲ್ಲಿ ಅಪ್ಪನ ಗದ್ದ ಕಟ್ಟಿ ಆಗಿತ್ತು. ಹೊದಿಸುವ ಬಟ್ಟೆಗೆ ಮಗ ತಾನೇ ಇಸ್ತ್ರಿ ಹಾಕಿದ, ಒಂದು ಸುಕ್ಕಿಲ್ಲದ ಹಾಗೆ. ಗರಿಗರಿ ತಾತನನ್ನು ಬೀದಿಯೆಲ್ಲ ಸೇರಿ ಕಳಿಸಿಕೊಟ್ಟಿತು.

ಅದಾದ ಮೇಲೂ ಮನೆ ಎರಡಾಗಿಯೇ ಇತ್ತು. ಮಗಳು ಬೆಳಿಗ್ಗೆ ಆರಕ್ಕೆ ಅಭ್ಯಾಸಬಲದಿಂದ ಲೋಟದಲ್ಲಿ ನೀರು ಹಿಡಿದು ಮಂಚದವರೆಗೆ ಬಂದು, ನಿಂತು, ಆ ನೀರನ್ನು ತಾನೇ ಕುಡಿದು ಹೋಗುತ್ತಿದ್ದಳು. ಒಂಬತ್ತಕ್ಕೆ ಸೊಸೆ ಮಂಚದ ಕೆಳಗೆ ಒಣಬಟ್ಟೆ ಆಡಿಸುತ್ತಿದ್ದಳು. ಅವಳ ಕುಪ್ಪಸದ ತೋಳು ಸಡಿಲವಾಗುತ್ತ ಬಂತು.

"ನೆಲ ಅಂಟುತ್ತೆ ಕಣೇ, ಒದ್ದೆ ಬಟ್ಟೆ ಹಾಕು," ಅಂದರೆ, "ನನ್ನ ಕೈಲಾಗಲ್ಲ ಅತ್ತೆ," ಅನ್ನುವಳು.

ಅಜ್ಜಿಗೆ ದಿನಾ ಬೆಳಗಾದರೆ ಇದೇ ಯೋಚನೆ. ಹೇಳದೆ ಇದ್ದರೆ ತಪ್ಪೆಲ್ಲ ಸೊಸೆಯ ತಲೆಯ ಮೇಲೆ. ಹೇಳಿದರೆ ಮಗಳ ಎದೆ ಒಡೆಯುತ್ತದೆ. ಗಂಡ ಬಿಟ್ಟವಳಿಗೆ ಅಪ್ಪನನ್ನು ನಾನು ಚೆನ್ನಾಗಿ ನೋಡಿಕೊಂಡೆ ಅನ್ನುವ ಸಮಾಧಾನವೊಂದು ಉಳಿದಿದೆ. ವಾರಕ್ಕೊಮ್ಮೆ, ಭಾನುವಾರ, ಬೆರಳಿನ ಎರಡು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಅರ್ಧ ಲೋಟ ನೀರು ಹಾಕುವಳು. ಪೆಟ್ಟಿಗೆಯ ತೂತುಗಳಿಂದ ತುಕ್ಕಿನ ನೀರು ಇಳಿಯುವುದು. ಆಮೇಲೆ ಮರಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಹೂವಿನ ಹಾಗೆ ಮೇಲಕ್ಕೆ ಎಳೆಯುವಳು. ಮೊದಲ ಭಾನುವಾರ ಅದು ಪೂರ್ತಿ ಕೈಗೆ ಬಂತು. ಮತ್ತೆ ನೆಟ್ಟಳು. ಎರಡನೆಯ ಭಾನುವಾರ ಅಲ್ಲಾಡಿತು. ಮೂರನೆಯ ಭಾನುವಾರವೂ ಅಲ್ಲಾಡಿತು. ಪ್ರತಿ ಸಲ ಅವಳಿಗೆ ಒಳಗೊಳಗೇ ಒಂದು ನಿರಾಳ: ಇನ್ನೂ ಒಂದು ವಾರ ಇದೆ.

ಐದನೆಯ ಭಾನುವಾರ ಎಳೆದಾಗ ಮರಿ ಬರಲಿಲ್ಲ. ಇನ್ನೊಂದು ಚೂರು ಎಳೆದಳು. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗಿತ್ತು. ಅಜ್ಜಿ ಕೈ ಬಿಟ್ಟು ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಅವತ್ತು ಮಗಳಿಗೆ ರಜೆ.

"ಇಬ್ಬರೂ ಬನ್ನಿ ಇಲ್ಲಿ. ಕೂತ್ಕೊಳ್ಳಿ."

"ನನಗೆ ಬಟ್ಟೆ ಒಗೆಯೋದಿದೆ," ಅಂದಳು ಮಗಳು.

"ಬಟ್ಟೆ ಎಲ್ಲೂ ಓಡಿಹೋಗಲ್ಲ. ಕೂತ್ಕೋ. ಟ್ರಂಕಲ್ಲಿರೋ ನಿಮ್ಮಪ್ಪನ ಮಾತ್ರೆ ತಗೊಂಡು ಬಂದು ಕೂತ್ಕೋ. ಗೂಡಲ್ಲಿರೋದನ್ನ ನೀನು ತಾ."

ಎರಡೂ ಹಾಳೆಗಳು ಖಾಲಿ ಮಂಚದ ಮೇಲೆ ಬಂದವು. ಒಂದೇ ಬಣ್ಣ, ಒಂದೇ ಅಕ್ಷರ. ಮಗಳು ಅವನ್ನು ನೋಡಿದಳು, ತಾಯಿಯ ಮುಖ ನೋಡಿದಳು. ಅಜ್ಜಿ ಏನನ್ನೂ ಬಿಡದೆ ಹೇಳಿದಳು. ಆರು ಗಂಟೆಯ ಲೋಟ, ಒಂಬತ್ತು ಗಂಟೆಯ ಲೋಟ, ಕೊಳೆತ ಗಿಡ, ತಾತ ಹೇಳಿದ್ದು, ಡಾಕ್ಟರು ಕೇಳಿದ್ದು. ಕೊನೆಗೆ ಅಂದಳು: "ನೆಲದ ನೀರಲ್ಲಿ ಜಾರಿ ಬೀಳಲಿಲ್ಲ ಅವರು. ತಲೆ ತಿರುಗಿ ಬಿದ್ದದ್ದು. ತಪ್ಪು ಯಾರದು ಅಂತ ಕೇಳ್ಬೇಡಿ. ಒಂದು ನಿನ್ನ ಕೈಯಿಂದ ಹೋಯ್ತು, ಒಂದು ಇವಳ ಕೈಯಿಂದ. ಒಬ್ಬರನ್ನೊಬ್ಬರು ಕೇಳ್ದಿರೋ ಹಾಗೆ ಮನೆ ಮಾಡಿಟ್ಟವಳು ನಾನು."

ಸೊಸೆ ಮುಖಕ್ಕೆ ಬಟ್ಟೆ ಒತ್ತಿಕೊಂಡು ಅತ್ತಳು. "ಬೇಡಮ್ಮ ಅಂದ್ರು ಅತ್ತೆ ಮೊದಲ ದಿನ. ಬೇಡ ಅಂದ್ರು. ನಾನೇ ಕೇಳ್ಲಿಲ್ಲ."

ಮಗಳು ಅಳಲಿಲ್ಲ. ತನ್ನ ಹಾಳೆಯನ್ನು ಕೈಗೆತ್ತಿಕೊಂಡು ಖಾಲಿ ಗುಳಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತುತ್ತ ಕೂತಳು. ಚಿಟಿಕೆ ಹೊಡೆದ ಹಾಗೆ ಸದ್ದು ಬರುತ್ತಿತ್ತು. "ದಿನಾ ನಗ್ತಾ ನುಂಗ್ತಿದ್ರು," ಅಂದಳು. ಎದ್ದು ಹಿತ್ತಲಿಗೆ ಹೋದಳು. ಮಧ್ಯಾಹ್ನ ಯಾರೂ ಒಲೆ ಹಚ್ಚಲಿಲ್ಲ. ಮೇಜಿನಿಂದ ಬಂದ ಮಗ ಎಲ್ಲರ ಮುಖ ನೋಡಿ, ಏನೂ ಕೇಳದೆ, ತಾನೇ ಅನ್ನಕ್ಕಿಟ್ಟ.

ಸಾಯಂಕಾಲ ಬಿಸಿಲು ನಡುಮನೆಗೆ ಬಂದ ಹೊತ್ತಿಗೆ ಮಗಳು ಬಕೆಟ್ಟಿನಲ್ಲಿ ನೀರು ತಂದಳು. ಮೂಲೆಯಲ್ಲಿದ್ದ ಒಣಬಟ್ಟೆಯನ್ನು ತೆಗೆದು ಅದರಲ್ಲಿ ಅದ್ದಿದಳು. ಮಂಚವನ್ನು ಗೋಡೆಗೆ ಸರಿಸಿ, ಅದು ಇದ್ದ ಜಾಗದಲ್ಲಿ ಮಂಡಿಯೂರಿದಳು. ತಿಂಗಳುಗಟ್ಟಲೆ ನೀರು ಕಾಣದ ನೆಲ. ಬಟ್ಟೆ ಹೋದಲ್ಲೆಲ್ಲ ಕಪ್ಪು ಗೆರೆ ಎದ್ದಿತು. ಅವಳ ಭುಜ ಅಲುಗುತ್ತಿತ್ತು. ಒರೆಸುವುದಕ್ಕೋ ಬೇರೆಯದಕ್ಕೋ ಅಜ್ಜಿಯ ಕಣ್ಣಿಗೆ ತಿಳಿಯಲಿಲ್ಲ.

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಜ್ಜಿ ಕಿಟಕಿಯ ಹತ್ತಿರ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಳು.

"ಅಕ್ಕಾ," ಅಂದಳು ಸೊಸೆ. "ಇನ್ನೊಂದ್ಸಲ ಹಿಂಡಿ. ಜಾರುತ್ತೆ."

ಮಗಳು ಬಟ್ಟೆಯನ್ನು ಬಕೆಟ್ಟಿನ ಮೇಲೆ ಎತ್ತಿ ಹಿಡಿದು, ಮತ್ತೊಮ್ಮೆ ಹಿಂಡಿದಳು.